ವೀರವ್ವ ಎಲೆ ಬಿಡಿಸುವ ಮಲ್ಲಿಗೆ

ಪುಷ್ಯಮಾಸದ ಬೆಳಗು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಸಾವಕ್ಕನ ಹಿತ್ತಿಲಲ್ಲಿ ವೀರವ್ವ ಕುಕ್ಕರುಗಾಲಲ್ಲಿ ಕೂತು ದುಂಡುಮಲ್ಲಿಗೆಯ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ. ಬೋಳಾದ ಟೊಂಗೆಯನ್ನು ಬೆರಳಿಂದ ಸವರಿ, ಗಿಣ್ಣು ಎಲ್ಲಿದೆ ಎಂದು ಗುರುತು ಹಿಡಿಯುತ್ತಾರೆ.

ಮೂವತ್ತು ವರ್ಷ ಸೀರೆ ನೇಯ್ದ ಕೈ ಅದು. ಕನ್ನಡ ರಾಜ್ಯ ಒಂದಾದ ವರ್ಷವೇ ಅವರ ಕಣ್ಣಿಗೆ ಪೊರೆ ಬಂತು. "ಎಳಿ ಹರದ್ರ ಕಾಣವಲ್ದಾತ್ರಿ ಅಕ್ಕೋರ. ಮಗ್ಗ ಬಿಟ್ಟೆ. ಬೆರಳು ಮಾತ್ರ ಏನೂ ಮರ್ತಿಲ್ಲ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಈಗ ಚಳಿಗಾಲದ ಎರಡು ತಿಂಗಳು ಹಿತ್ತಿಲಿಂದ ಹಿತ್ತಿಲಿಗೆ ಅವರ ತಿರುಗಾಟ. ದಿನಕ್ಕೊಂದು ಗಿಡ, ಗಿಡಕ್ಕೊಂದು ಸೇರು ಜೋಳ. ಎಲೆ ಬಿಡಿಸಿ ಟೊಂಗೆ ಕಡಿಯುವುದಕ್ಕೆ ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕೆಂಬುದು ಅವರ ಕಟ್ಟಪ್ಪಣೆ. ಬಾಯಾರಿ ಮಲಗಿದ ಗಿಡವೇ ಬೇಸಿಗೆಗೆ ಮೈತುಂಬ ಮೊಗ್ಗು ಬಿಡುತ್ತದೆ.

ಹೋದ ವರ್ಷ ಸಾವಕ್ಕನ ಗಿಡ ಬರೀ ಎಲೆ ಬಿಟ್ಟಿತು. ಕಣ್ಣು ಕಾಣದಾಕಿ ಹೂವಿನ ಟೊಂಗೆಯನ್ನೇ ಕಡಿದಳು ಎಂದು ಓಣಿ ಆಡಿಕೊಂಡಿತು. ಹದಿನಾಲ್ಕು ಮನೆಗಳಲ್ಲಿ ಐದು ತಪ್ಪಿದವು. ಈ ಸಲವೂ ಹೂ ಬಾರದಿದ್ದರೆ ಉಳಿದವೂ ಹೋದಾವು.

ಉದುರಿದ ಎಲೆ ಬಳಿಯಲು ಬುಡಕ್ಕೆ ಹೋದ ಕೈ ಅಲ್ಲೇ ನಿಲ್ಲುತ್ತದೆ. ಮಣ್ಣು ಹಸಿ. ಎರಡು ಬೆರಳ ನಡುವೆ ತಿಕ್ಕಿದರೆ ಅಂಟುತ್ತದೆ.

"ಸಾವಕ್ಕ, ಈ ಗಿಡಾನೂ ಸೀರಿ ನೇಯತೈತೇನ? ನೂಲಿಗೆ ಹಚ್ಚೂ ಗಂಜಿ ಇದಕ್ಯಾಕ ಕುಡಿಸಿದಿ?"

ಸಾವಕ್ಕ ಸೆರಗಿನ ಚುಂಗು ಹಿಂಡುತ್ತಾಳೆ. "ಒಣಗಿ ನಿಂತದ್ದ ನೋಡಾಕ ಆಗಲಿಲ್ಲಬೇ ಯಕ್ಕ. ಉಳದ ಗಂಜಿ ಸುರುವಿದೆ."

"ಹ್ವಾದ ವರ್ಷ?"

"ಆವಾಗೂ ಹಾಕಿದ್ನಿ."

ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ಸುಶೀಲವ್ವ ತಲೆ ಎತ್ತುತ್ತಾಳೆ. ತಪ್ಪಿಹೋದ ಐದು ಮನೆಗಳಲ್ಲಿ ಅವಳದೂ ಒಂದು.

"ಗಂಜಿ ನೀ ಹಾಕೂದು, ಮಾತು ಈಕಿ ಕೇಳೂದು. ಭಾಳ ಚಲೋ ಐತೆವ್ವ ನಿನ್ನ ಕರುಣಾ," ಎಂದವಳು, ಇತ್ತ ತಿರುಗಿ, "ವೀರವ್ವಕ್ಕ, ನಾಳಿ ನಮ್ಮ ಹಿತ್ತಲಕ್ಕೂ ಬಾ," ಎನ್ನುತ್ತಾಳೆ.

ವೀರವ್ವ ಹಸಿ ಮಣ್ಣು ಕೆದರಿ ತೆಗೆದು ಒಣ ಮಣ್ಣು ಹರಡುತ್ತಾರೆ. ಕಡಿಯುವ ಕೆಲಸ ಹದಿನೈದು ದಿನ ಮುಂದಕ್ಕೆ ಹೋಗುತ್ತದೆ.

ಹೂ ಬಂದರೆ ಹೇಗೆ ನೋಡುತ್ತೀರಿ? ಕೇಳಬಾರದಿತ್ತೇನೋ, ಕೇಳಿಬಿಡುತ್ತೇನೆ.

"ನೋಡೂದ್ಯಾಕ್ರಿ? ಚೈತ್ರದಾಗ ಸಂಜಿ ಮುಂದ ಈ ಓಣಿ ತುದಿಗೆ ಬಂದು ನಿಂದರ್ತೀನಿ. ಯಾರ ಮನಿ ಗಿಡ ಅರಳೇತಿ, ನಾನ ನಿಮಗ ಹೇಳ್ತೀನಿ."