ಮಾತು ಹೊರದ ಟ್ರಾಲಿ ಅಕ್ಕ

ಮಕ್ಕಳ ವಾರ್ಡಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಟ್ರಾಲಿ ಅಕ್ಕ ಎಂದೇ. ರೋಗಿಗಳನ್ನು ಎಕ್ಸ್‌ರೇಗೆ, ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗಿ ಮತ್ತೆ ಹಾಸಿಗೆಗೆ ಮುಟ್ಟಿಸುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಬಲಮೊಣಕಾಲಿಗೆ ಬೆಲ್ಟು, ನಡಿಗೆ ಒಂದಿಷ್ಟು ಓರೆ. ಅವರ ಬೀದಿಯವರು ಮಾತ್ರ ಅವರನ್ನು ನರ್ಸಮ್ಮ ಅಂದುಕೊಂಡಿದ್ದಾರಂತೆ. ಎದುರುಮನೆಯ ದರ್ಜಿ ಬಿಪಿ ನೋಡಿ ಎಂದು ತೋಳು ಚಾಚಿಕೊಂಡು ಬಂದರೆ, “ತೋಳು ಮಡಚ್ಕೊಂಡು ಹೋಗಪ್ಪ. ನೀನು ಮಲಗಿದ್ರೆ ತಳ್ಳಬಲ್ಲೆ, ಅಷ್ಟೇ” ಎಂದು ಅಟ್ಟುತ್ತಾರಂತೆ.

ನಾನೂ ಅದೇ ತಪ್ಪು ಮಾಡಿದವಳು. ಅದೂ ಒಂದೇ ಬೆಳಿಗ್ಗೆ, ಮೂವರ ವಿಷಯದಲ್ಲಿ.

ಎರಡೂವರೆ ವರ್ಷದ ಮಗಳಿಗೆ ಎದೆಯಲ್ಲಿ ಕಫ ಕಟ್ಟಿ, ಹಿಂದಿನ ಸಂಜೆ ಸೇರಿಸಿದ್ದೆವು. ಕಾಗದಪತ್ರವೆಲ್ಲ ತುಂಬಿಸಿದ್ದು ನನ್ನ ಗಂಡ. ಎಂಟು ತಿಂಗಳಿದ್ದಾಗ ಒಂದು ಔಷಧಿ ಕುಡಿದು ಅವಳ ತುಟಿ ಊದಿ, ಮೈಯೆಲ್ಲ ಕೆಂಪು ದದ್ದೆದ್ದಿದ್ದನ್ನು ಇವರು ಹೇಳಲು ಮರೆತಿದ್ದರು. ಅವರು ಮರೆತದ್ದು ನನಗೆ ತಿಳಿದದ್ದೇ ಬೆಳಿಗ್ಗೆ. ಹನ್ನೊಂದಕ್ಕೆ ಇಂಜೆಕ್ಷನ್ ಶುರು ಮಾಡುತ್ತೇವೆ ಎಂದಿದ್ದರು. ಅದೇ ಔಷಧಿಯಾಗಿದ್ದರೆ?

ಒಳಗೆ ಬಂದವರಿಗೆಲ್ಲ ಹೇಳತೊಡಗಿದೆ. ಬಿಳಿ ಕೋಟಿನವರು ತಲೆಯಾಡಿಸಿದರು. ನೀಲಿ ಬಟ್ಟೆಯವರು “ಹೌದಾ, ಪಾಪ” ಅಂದರು. ಕನ್ನಡಕದ ಹುಡುಗಿಯೊಬ್ಬಳು ಕಾಗದದಲ್ಲಿ ಏನೋ ಗೀಚಿಕೊಂಡಳು. ಅಷ್ಟರಲ್ಲಿ ಅತ್ತೆಯ ಫೋನು.

“ಡಾಕ್ಟರಿಗೆ ಹೇಳಿದ್ಯೇನೇ?”

“ಹೇಳಿದೆ ಅತ್ತೆ.”

“ಯಾವ ಡಾಕ್ಟರಿಗೆ?”

“ಬಿಳಿ ಕೋಟಿನವರಿಗೆ. ನೀಲಿ ಬಟ್ಟೆಯವರಿಗೂ.”

ಹತ್ತೂವರೆಗೆ ಟ್ರಾಲಿ ಅಕ್ಕ ಮಗಳನ್ನು ಎಕ್ಸ್‌ರೇಗೆ ಒಯ್ಯಲು ಬಂದರು. ಅವರಿಗೂ ಒಂದೇ ಉಸಿರಿನಲ್ಲಿ ಎಲ್ಲ ಒದರಿದೆ. “ದಯವಿಟ್ಟು ನೀವಾದ್ರೂ ಒಳಗೆ ಹೇಳಿಬಿಡಿ ಅಕ್ಕ.”

“ನಾನು ಹೇಳಲ್ಲ ತಾಯಿ,” ಅಂದರು ಅವರು.

ಕೋಪವೂ ಅಳುವೂ ಒಟ್ಟಿಗೇ ಬಂದವು. ಅವರು ಟ್ರಾಲಿಯ ಚಕ್ರಕ್ಕೆ ಬ್ರೇಕು ಒತ್ತಿ ನಿಲ್ಲಿಸಿದರು. “ಇಲ್ಲೀತನಕ ಯಾರ್ಯಾರಿಗೆ ಹೇಳಿದ್ರಿ?”

ನಾನು ಬಟ್ಟೆಯ ಬಣ್ಣ ಹೇಳುತ್ತ ಹೋದೆ, ಅವರು ಗುರುತಿಸುತ್ತ ಹೋದರು. ಬಿಳಿ ಕೋಟಿನವರು ಎದೆ ತಟ್ಟಿ ಕಫ ಸಡಿಲಿಸುವ ಫಿಸಿಯೋಥೆರಪಿಯವರು. ನೀಲಿಯವರು ಬೆಡ್‌ಶೀಟು ಲೆಕ್ಕ ಮಾಡುವವರು. ಹುಡುಗಿ ಊಟದ ಪಟ್ಟಿಯವಳು. ಅವಳು ಕೇಳಿದ್ದು ಹಾಲು, ಮೊಟ್ಟೆ ಒಗ್ಗುತ್ತವೆಯೇ ಎಂದು.

“ಮತ್ತೆ ಎಲ್ರೂ ಯಾಕೆ ತಲೆಯಾಡಿಸಿದ್ರು?”

“ತಾಯಿ ಕಣ್ಣಲ್ಲಿ ನೀರು ನೋಡಿ ಯಾರು ಆಡಿಸಲ್ಲ ಹೇಳಿ?”

ಆಮೇಲೆ ತಮ್ಮ ಕಥೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು. ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿದ್ದ ಅಜ್ಜನೊಬ್ಬ ದಾರಿಯಲ್ಲಿ, ಕದ್ದು ಕಾಫಿ ಕುಡಿದೆ ಎಂದು ಅವರ ಬಳಿ ಬಾಯಿಬಿಟ್ಟನಂತೆ. ಬಾಗಿಲಲ್ಲಿ ಹಸಿರು ಬಟ್ಟೆಯವನಿದ್ದ. ಡಾಕ್ಟರೇ ಇರಬೇಕೆಂದು ಅವನ ಕಿವಿಗೆ ಹಾಕಿ ಬಂದರಂತೆ. ಅವನು ಆಕ್ಸಿಜನ್ ಸಿಲಿಂಡರ್ ಬದಲಾಯಿಸುವವನು! ಅರಿವಳಿಕೆ ಕೊಡುವ ಡಾಕ್ಟರು ಅಜ್ಜನನ್ನು ಮತ್ತೊಮ್ಮೆ ಕೇಳಿದ್ದರಿಂದ ಅವನು ಉಳಿದುಕೊಂಡ.

“ಅವತ್ತಿಂದ ಫೈಲ್ ಹೊರ್ತೀನಿ, ರಕ್ತದ ಬಾಟ್ಲಿ ಹೊರ್ತೀನಿ, ಮನುಷ್ಯರನ್ನೂ ಹೊರ್ತೀನಿ. ಮಾತು ಮಾತ್ರ ಹೊರಲ್ಲ. ಹೇಳೋರನ್ನೇ ಕರ್ಕೊಂಡು ಹೋಗಿ ಕೇಳಬೇಕಾದವ್ರ ಮುಂದೆ ನಿಲ್ಲಿಸ್ತೀನಿ. ನಡೀರಿ.”

ಮಗಳನ್ನು ಎತ್ತಿಕೊಂಡೇ ಅವರ ಓರೆ ನಡಿಗೆಯ ಹಿಂದೆ ಓಡಿದೆ. ನರ್ಸುಗಳ ಮೇಜಿನ ಬಳಿ ಹಲವರಿದ್ದರು. ಅಕ್ಕ ಯಾರನ್ನೂ ಲೆಕ್ಕಿಸದೆ, ಔಷಧಿಯ ತಟ್ಟೆ ಜೋಡಿಸುತ್ತಿದ್ದ ಸಣಕಲು ಹುಡುಗಿಯ ಮುಂದೆ ನನ್ನನ್ನು ನಿಲ್ಲಿಸಿದರು. ನಾನಾಗಿದ್ದರೆ ಕಲಿಯಲು ಬಂದವಳೆಂದು ಅವಳನ್ನು ದಾಟಿಹೋಗುತ್ತಿದ್ದೆ.

“ಇವತ್ತು ನಿಮ್ಮ ಮಗಳನ್ನ ನೋಡ್ಕೊಳ್ಳೋ ನರ್ಸು ಇವರೇ. ಈಗ ಹೇಳಿ.”

ಹೇಳಿದೆ. ನರ್ಸಿನ ಕೈ ತಟ್ಟೆಯ ಮೇಲೇ ನಿಂತಿತು. “ಆ ಔಷಧಿ ಹೆಸರೇನು ಮೇಡಂ?”

ನೆನಪಿಲ್ಲ! ಆದರೆ ಮಗಳು ಸೀನಿದರೂ ಫೋಟೋ ತೆಗೆಯುವವಳು ನಾನು. ಫೋನಿನಲ್ಲಿ ಬೆರಳಾಡಿಸಿ, ಊದಿದ ತುಟಿಯನ್ನೂ ಪಕ್ಕದಲ್ಲಿದ್ದ ಬಾಟಲಿಯನ್ನೂ ಹುಡುಕಿ ತೋರಿಸಿದೆ. ನರ್ಸು ಹೆಸರು ಓದಿ, ತಟ್ಟೆಯಿಂದ ಒಂದು ಸಣ್ಣ ಸೀಸೆ ಎತ್ತಿ ಪಕ್ಕಕ್ಕಿಟ್ಟು ಫೋನು ಹಿಡಿದಳು. ಐದು ನಿಮಿಷದಲ್ಲಿ ಡಾಕ್ಟರು ಬಂದರು. ನಾನು ಬೆಳಿಗ್ಗೆ ಯಾವುದೋ ಮಗುವಿನ ಅಪ್ಪನೆಂದುಕೊಂಡಿದ್ದ ಚೌಕಳಿ ಅಂಗಿಯವರು! ಇಂಜೆಕ್ಷನ್ ಅದೇ ಗುಂಪಿನದಂತೆ. ಬೇರೆಯದನ್ನು ಬರೆದು, ಫೈಲಿನ ಮೇಲೆ ದೊಡ್ಡದಾಗಿ ಸೂಚನೆ ಹಾಕಿ, ಔಷಧಿ ಒಗ್ಗದವರ ಗುರುತಾದ ಕೆಂಪು ಪಟ್ಟಿಯನ್ನು ಮಗಳ ಕೈಗೆ ಕಟ್ಟಿಸಿದರು.

ಅಕ್ಕನ ಕೈ ಹಿಡಿದುಕೊಳ್ಳಲು ತಿರುಗಿದೆ. ಅವರಾಗಲೇ ಟ್ರಾಲಿ ತಂದು ನಿಲ್ಲಿಸಿದ್ದರು. “ಎಕ್ಸ್‌ರೇಯವರು ಬೈತಾರೆ, ಮಗೂನ ಮಲಗಿಸಿ.”

ಮಧ್ಯಾಹ್ನ ಬೂದು ಕೋಟಿನವರೊಬ್ಬರು ಬಂದು, ಮಗುವಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದು ಮೊದಲಿನಿಂದ ಕೇಳಿದರು. ಇವರು ಯಾರು, ಇವರಿಗೆ ಗೊತ್ತಿಲ್ಲವೇ, ಬರೆದದ್ದು ಯಾರೂ ಓದುವುದಿಲ್ಲವೇ ಎಂದು ಮತ್ತೆ ಕಕ್ಕಾಬಿಕ್ಕಿಯಾದೆ. ಆದರೆ ಅಕ್ಕನ ಕಥೆಯ ಅಜ್ಜನನ್ನು ಉಳಿಸಿದ್ದೂ ಹೀಗೆ ಮತ್ತೊಮ್ಮೆ ಕೇಳಿದ ಪ್ರಶ್ನೆಯೇ ಎಂದು ನೆನಪಾಗಿ, ಎಲ್ಲ ಹೇಳಿದೆ. ಅವರು ಬರೆದು ಮುಗಿಸುವವರೆಗೂ ಪೆನ್ನಿನ ತುದಿಯಿಂದ ಕಣ್ಣು ಕೀಳಲಿಲ್ಲ.