ಶನಿವಾರ ಬಿದ್ದ ಹೊಸತೊಡಕು

ಮತ್ತಿಕೆರೆಯಿಂದ ಕೋಗಿಲಿಗೆ ಎರಡು ಬಸ್ಸು, ಒಂದು ಆಟೋ. ಅಷ್ಟು ದೂರ ಹೊರಡಲು ನಮಗೆ ನಾಲ್ಕು ವರ್ಷ ಬೇಕಾಯಿತು.

2016ರ ಯುಗಾದಿ ಶುಕ್ರವಾರ ಬಂತು. ಯುಗಾದಿ ಚಂದ್ರನ ಮರ್ಜಿಯಂತೆ ವರ್ಷವರ್ಷವೂ ತಾರೀಖು ಬದಲಿಸುವ ಹಬ್ಬ. ಅದರ ಮಾರನೆಯ ದಿನ ಬಾಡೂಟದ ಹೊಸತೊಡಕು. ನನಗೆ ತಾರೀಖಿನ ತಕರಾರಿಲ್ಲ, ವಾರದ್ದೇ ತೊಂದರೆ. ನಮ್ಮ ಮನೆದೇವರು ತಿಮ್ಮಪ್ಪ. ಶನಿವಾರ ನಮ್ಮಲ್ಲಿ ಮೊಟ್ಟೆ ಕೂಡ ಒಡೆಯುವುದಿಲ್ಲ. ತೊಡಕು ಶನಿವಾರ ಬಿದ್ದರೆ ಭಾನುವಾರಕ್ಕೆ ತಳ್ಳುತ್ತೇವೆ. ಕೋಗಿಲಿನಲ್ಲಿರುವ ನನ್ನ ಹೆಂಡತಿ ಸುಜಾತಳ ಅಣ್ಣ ಮುನಿರಾಜು ಭಾವನಿಗೆ ಇದೆಲ್ಲ ಇಲ್ಲ. ಯಾವ ವಾರವಾದರೂ ಯುಗಾದಿಯ ಮಾರನೆಯ ದಿನವೇ ಒಲೆಯ ಮೇಲೆ ಮಟನ್. ನಾಲ್ಕು ವರ್ಷದ ಹಿಂದೆ ಹೀಗೇ ಶನಿವಾರ ಬಿದ್ದಾಗ ನಾನು ಅವರ ಮನೆಯಲ್ಲಿ ಎಲೆ ಮುಂದೆ ಕೂತು ಮೊಸರನ್ನ ಕೇಳಿದ್ದೆ. "ನಮ್ಮನೆ ಊಟ ಬ್ಯಾಡ್ದೋರು ನಮ್ಮನೇಗ್ಯಾಕೆ ಬರ್ಬೇಕು" ಎಂದು ಭಾವ ಸಿಡಿದರು, ನಾನೂ ಎದ್ದು ಬಂದೆ. ಅಂದಿನಿಂದ ಸುಜಾತ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಭಾವನೇ ಫೋನ್ ಮಾಡಿ, "ತೊಡ್ಕಿಗೆ ಇಬ್ರೂ ಬಂದ್ಬುಡಿ" ಎಂದು ಇಟ್ಟುಬಿಟ್ಟರು. ಸುಜಾತ ಅತ್ತುಬಿಟ್ಟಳು. ಈ ಸಲವೂ ಕೆಟ್ಟರೆ ಅವಳಿಗೆ ತವರು ಮುಗಿದಂತೆಯೇ. ಶನಿವಾರವಾದರೂ ಸರಿ, ತಿಂದೇ ಬರುತ್ತೇನೆ ಎಂದೆ. ಅಮ್ಮ ಹಳದಿ ಬಟ್ಟೆಯಲ್ಲಿ ನಾಣ್ಯ ಸುತ್ತಿ ತಿಮ್ಮಪ್ಪನಿಗೆ ತಪ್ಪುಕಾಣಿಕೆ ಕಟ್ಟಿಟ್ಟರು. ತಪ್ಪು ಮಾಡುವ ಮೊದಲೇ ದಂಡ ಕಟ್ಟಿ ಪ್ರಯಾಣ ಹೊರಟವನು ನಾನೊಬ್ಬನೇ ಇರಬೇಕು.

ಶನಿವಾರ ಬೆಳಗ್ಗೆ ಹೊರಟೆವು. ಮಟನ್ ಅಂಗಡಿಯ ಸಾಲು ಬಸ್ ಸ್ಟಾಪಿನವರೆಗೂ ಬಂದಿತ್ತು. ಬಸ್ಸಿಗೆ ನಿಂತಿದ್ದ ನಮ್ಮನ್ನೇ ಒಬ್ಬರು, "ಸಾಲಲ್ಲಿ ಬನ್ರೀ" ಎಂದು ಗದರಿದರು. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಕೋಗಿಲು ಕ್ರಾಸಿನಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಆಟೋದವನು ಎಂಬತ್ತು ರೂಪಾಯಿ ಕೇಳಿದ.

"ಹಬ್ಬ ನೆನ್ನೆ ಆಯ್ತಲ್ಲಪ್ಪ" ಎಂದೆ.

"ನೆನ್ನೆ ಬೇವು ಬೆಲ್ಲ ಸಾರ್. ಹಬ್ಬ ಇವತ್ತೇ."

ನ್ಯಾಯವಾಗಿ ಕಂಡಿತು, ಕೊಟ್ಟೆ.

ಬೀದಿಯ ಎಲ್ಲ ಮನೆಯಿಂದಲೂ ಮಸಾಲೆ ಘಮ. ಭಾವನ ಮನೆಯಲ್ಲಿ ಮಾತ್ರ ಏನೂ ಇಲ್ಲ. ಅವರು ಬನಿಯನ್ನಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು.

"ಇವತ್ಯಾಕ್ ಬಂದ್ರಿ?"

ಸುಜಾತ ಹೊಸ್ತಿಲಲ್ಲೇ ನಿಂತುಬಿಟ್ಟಳು. "ತೊಡ್ಕಿಗೆ ನೀನೇ ಕರೆದ್ಯಲ್ಲಣ್ಣ" ಎಂದಳು.

"ಇವ್ರಿಗೆ ಶನ್ವಾರ ಆಗಲ್ಲ ಅಂತ ನಾಳೀಕ್ ಇಟ್ಕಂಡಿವ್ನಿ ಕಣವ್ವ. ಬೀದಿಯೆಲ್ಲ ಬಾಡು ಉಣ್ತಾವ್ರೆ, ನಾನೊಬ್ಬ ಚಿತ್ರಾನ್ನ."

"ನಿಮಗೋಸ್ಕರ ಇವತ್ತೇ ತಿನ್ನೋಣ ಅಂತ ಬಂದೆ ಭಾವ" ಎಂದು ತಪ್ಪುಕಾಣಿಕೆಯ ಸಂಗತಿಯನ್ನೂ ಹೇಳಿದೆ.

ಫೋನಿನಲ್ಲಿ ದಿನ ಹೇಳಬೇಕೆಂದು ಅವರಿಗೂ ಅನಿಸಿರಲಿಲ್ಲ, ಕೇಳಬೇಕೆಂದು ನನಗೂ ಅನಿಸಿರಲಿಲ್ಲ. ಅವರು ನನ್ನ ವಾರ ನೋಡಿದ್ದರು, ನಾನು ಅವರದು. ಭಾವ ತಟ್ಟೆ ಬಿಟ್ಟೆದ್ದು, ಮಟನ್ ತರುತ್ತೇನೆಂದು ಶರ್ಟು ಹುಡುಕತೊಡಗಿದರು. ನಾನು ಬೇಡ ಎಂದೆ. ಅವರು ತಂದೇ ತರುತ್ತೇನೆ ಎಂದರು. ಮತ್ತೆ ಜಗಳವೇ ಆಗುವ ಹಾಗಿತ್ತು. ಅಷ್ಟರಲ್ಲಿ ಸುಜಾತಳ ಅತ್ತಿಗೆ ಅಡುಗೆಮನೆಯಿಂದಲೇ, "ಇಬ್ರೂ ಕೂತ್ಕಳಿ. ಇವತ್ತು ಚಿತ್ರಾನ್ನ, ನಾಳೆ ಬಾಡು. ಅಲ್ಲೀಗಂಟ ಯಾರೂ ಎದ್ ಓಗಂಗಿಲ್ಲ" ಎಂದರು.

ಕೂತೆವು. ಪಕ್ಕದ ಮನೆಯ ಸಾರಿನ ವಾಸನೆ ಕಿಟಕಿಯಿಂದ ಬಂದಾಗಲೆಲ್ಲ ಇಬ್ಬರೂ ಮೂಗರಳಿಸಿ, ಒಬ್ಬರ ಮುಖ ಒಬ್ಬರು ನೋಡದೆ ಚಿತ್ರಾನ್ನ ನುಂಗಿದೆವು. ಬೇರೆ ಬಟ್ಟೆ ತಂದಿರಲಿಲ್ಲ. ಭಾವನ ಲುಂಗಿ ಉಟ್ಟೆ, ನನಗೆ ಎರಡು ಸುತ್ತು ಬಂತು. ಭಾನುವಾರ ಮುದ್ದೆ, ಮಟನ್ ಸಾರು. ಮೂರನೆಯ ಮುದ್ದೆಯನ್ನು ಭಾವ ಕೇಳದೆಯೇ ಹಾಕಿದರು. ಮೂರು ಮುದ್ದೆ ಉಣ್ಣುವ ಆಳು ನಾನಲ್ಲ, ಆದರೂ ಉಂಡೆ. ಅಷ್ಟು ಸಂತೋಷವಾಗಿತ್ತು.

ಸಂಜೆ ಭಾವ ಕ್ರಾಸಿನವರೆಗೂ ಬಂದು ಬಸ್ಸು ಹತ್ತಿಸಿದರು. ಬಸ್ಸು ಹೊರಟ ಮೇಲೆ ಸುಜಾತ ಕಿಟಕಿಯಿಂದ ಹಿಂದಕ್ಕೆ ತಿರುಗಿ, "ಯುಗಾದೀವರ್ಗೂ ಕಾಯಲ್ಲ ಅಣ್ಣ, ಬರೋ ಭಾನುವಾರಾನೇ ಬರ್ತೀವಿ" ಎಂದು ಕೂಗಿದಳು.

ಭಾವ ಲುಂಗಿ ಎತ್ತಿ ಕಟ್ಟಿಕೊಂಡು ಬಸ್ಸಿನ ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಬಂದರು.

"ತಾರೀಕ್ ಏಳ್ಬುಟ್ ಓಗವ್ವ."