ಶಿವಮ್ಮತ್ತೆ ಕುಂತೂರಿಗೆ ಹೋದದ್ದು

ದೀಪಾವಳಿ ಹತ್ತಿರ ಬಂತೆಂದರೆ ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ಸುಮ್ಮನೆ ನಡೆದುಹೋಗುವುದು ಸಾಧ್ಯವಿಲ್ಲ. ಮೊನ್ನೆ ಸೊಪ್ಪು ತರಲು ಹೊರಟವನನ್ನು ಬೈಕ್ ಶೋರೂಮಿನವರು ನಗುನಗುತ್ತಾ ಅಡ್ಡಗಟ್ಟಿ ಕೈಗೊಂದು ಶರಬತ್ತಿನ ಲೋಟ ಕೊಟ್ಟರು. ಒಬ್ಬರ ಶರಬತ್ತು ಕುಡಿದ ಮೇಲೆ ಅವರ ಬೈಕು ನೋಡದೆ ಹೋಗುವುದು ಹೇಗೆ? ನನ್ನ ಈ ದಾಕ್ಷಿಣ್ಯ ಅಂಗಡಿಯವರಿಗೆಲ್ಲ ಗೊತ್ತು. ನಮ್ಮ ಮನೆಯ ಅಟ್ಟದ ಮೇಲೆ ಡಬ್ಬ ಬಿಚ್ಚದ ಮಿಕ್ಸಿಯೊಂದು ಕೂತಿರುವುದು ಅದರಿಂದಲೇ. ಒಳಗೆ ಸಾಲಾಗಿ ನಿಂತ ಬೈಕುಗಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಹೂವಿನ ವಾಸನೆಗೆ ಹೊಸ ಟೈರಿನ ವಾಸನೆ ಬೆರೆತು ಮೂಗಿಗೆ ಬಡಿದದ್ದೇ ತಡ, ನನಗೆ ಶಿವಮ್ಮತ್ತೆ ನೆನಪಾದಳು.

ಶಿವಮ್ಮತ್ತೆ ನಮ್ಮಪ್ಪನ ತಂಗಿ. ಮುಳ್ಳೂರಿಗೆ ಕೊಟ್ಟಿದ್ದರು. ನಾನು ಹೇಳುತ್ತಿರುವುದು ಜಿಪುಣಿಯೊಬ್ಬಳ ಕತೆ ಎಂದು ಮಾತ್ರ ತಿಳಿಯಬೇಡಿ. ಹಬ್ಬವೆಂದರೆ ಅವಳಿಗೆ ಪ್ರಾಣ. ಕಜ್ಜಾಯದ ಪಾಕ ಹದಕ್ಕೆ ಬರುವವರೆಗೆ ಅವಳ ಅಡುಗೆಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಬಂದ ಮೇಲೆ ಬೀದಿಯ ನಾಯಿಯೂ ಕಜ್ಜಾಯ ತಿನ್ನದೆ ಹೋಗುವಂತಿರಲಿಲ್ಲ.

ಅವಳ ಮಗಳು ಸುಮಳನ್ನು ಕುಂತೂರಿಗೆ ಮದುವೆ ಮಾಡಿಕೊಟ್ಟ ವರ್ಷ. ಅಳಿಯ ಮಹೇಶ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಕೊಡುವುದು ನಮ್ಮ ಕಡೆಯ ಪದ್ಧತಿ, ನಿಮಗೂ ಗೊತ್ತಿರುತ್ತದೆ. ಮೊದಲೆಲ್ಲ ಅಷ್ಟೇ ಇತ್ತು. ಯಾವಾಗಲೋ ಅದರ ಜೊತೆಗೆ ಉಂಗುರ ಬಂತು, ಉಂಗುರದ ಹಿಂದೆಯೇ ಬೈಕು ಬಂತು. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ, ನಿಲ್ಲಿಸುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ. ಅತ್ತೆಯ ಎದುರು ಮನೆಯವರು ಆಗಲೇ ತಮ್ಮ ಅಳಿಯನಿಗೆಂದು ಗಾಡಿ ತಂದು ಜಗಲಿಯ ಮುಂದೆ ನಿಲ್ಲಿಸಿದ್ದರು. ಅದನ್ನು ನೋಡಿ ನೋಡಿ ಅತ್ತೆಯ ಗಂಡ, ನಮ್ಮ ಮಾವನಿಗೆ ಊಟ ಸೇರದಾಯಿತು. ಕೊನೆಗೆ ಸಾಲದ ಮೇಲೆ ಬೈಕು ಕೊಡಿಸುವುದೆಂದು ತೀರ್ಮಾನಿಸಿದರು. ನನಗೆ ಆಗಷ್ಟೇ ಕೊಳ್ಳೇಗಾಲದ ಆಫೀಸೊಂದರಲ್ಲಿ ನೌಕರಿ ಸಿಕ್ಕಿತ್ತಾದ್ದರಿಂದ ಜಾಮೀನಿಗೆ ನನ್ನನ್ನು ಕರೆದರು. ಜೀವನದಲ್ಲಿ ಮೊದಲ ಸಲ ನನ್ನ ಸಹಿಗೊಂದು ಬೆಲೆ ಬಂದ ಖುಷಿಗೆ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೋಗಿದ್ದೆ.

ಶೋರೂಮಿನ ಯುವಕ ಮಾತು ಮುಗಿಯುವ ಮೊದಲೇ ಮಾವನ ಕೈಗೆ ಕೀಲಿ ಕೊಟ್ಟು, "ಇಂಗೆ ನಿಂತ್ಕಳಿ ಸಾ, ಒಂದು ಫೋಟೋ" ಎಂದ. ಅತ್ತೆ ಬೈಕನ್ನು ಒಂದು ಸುತ್ತು ಹಾಕಿ ಬಂದು ಮಾವನನ್ನು ಕೇಳಿದಳು:

"ಅಳಿಯ ಇದ್ನ ಕೇಳುದ್ನಾ?"

"ಅವ್ನ್ಯಾಕ್ ಕೇಳ್ತಾನೆ? ನಾವೇ ತಿಳ್ಕಬೇಕು."

"ಅವ್ರವ್ವ ಕೇಳುದ್ರಾ?"

"ಬಾಯ್ಬುಟ್ಟು ಕೇಳಿಲ್ಲ."

"ಯಾರೂ ಕೇಳ್ದೆ ಇದ್ಮೇಲೆ ನಾವು ಯಾರ್ಗೆ ಎದ್ರುಕಂಡು ತಕ್ಕತಾ ಇರದು? ಬನ್ನಿ, ಕುಂತೂರ್ಗೆ ಓಗಿ ಕೇಳ್ಕಂಡೇ ಬರಮ."

ಮಾವನ ಕೈಯಿಂದ ಕೀಲಿ ತೆಗೆದು ಯುವಕನಿಗೆ ಕೊಟ್ಟು, "ತಪ್ಪು ತಿಳ್ಕಬ್ಯಾಡ ಕಣಪ್ಪ" ಅಂದಳು. ನಾವಿಬ್ಬರೂ ಅವಳ ಹಿಂದೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಬಸ್ಸು ತೆವಳುತ್ತಿತ್ತು. "ಮಗಳ ಬಾಳು ಕಣಮ್ಮಿ" ಎಂದರು ಮಾವ, ಅಳುವವರ ಹಾಗೆ. "ಅದುಕ್ಕೇ ಓಯ್ತಾ ಇರದು" ಎಂದಳು ಅತ್ತೆ.

ಬೀಗಿತ್ತಿ ರಾಜಮ್ಮನವರು ಕಾಫಿ ಕೊಟ್ಟು ಕೂರಿಸಿದರು. ಅತ್ತೆ ಕಾಫಿ ಮುಗಿಸಿ ನೇರವಾಗಿಯೇ ಹೇಳಿದಳು: "ಅಬ್ಬುಕ್ಕೆ ಅಳಿಯಂದ್ರಿಗೆ ಪಂಚೆ ಶಲ್ಯ ಕೊಡ್ತೀವಿ. ಗಾಡಿ ಕೊಡ್ಸಕ್ಕಾಗಲ್ಲ. ಮನ್ಸಲ್ಲೇನಾರಾ ಇದ್ರೆ ಈಗ್ಲೇ ಯೋಳ್ಬುಡಿ."

ರಾಜಮ್ಮನವರ ಮುಖ ಬಿಗಿಯಿತು. "ನಾವೇನ್ ಕೇಳಿಲ್ಲ. ಆದ್ರೆ ದೊಡ್ಡ ಮಗನ ಕಡೆ ಬೀಗ್ರು ಗಾಡಿ ತಂದು ಬಾಗ್ಲಲ್ಲಿ ನಿಲ್ಸುದ್ರು. ಚಿಕ್ಕೋನು ಬರೀ ಕೈಲಿ ಬಂದ ಅಂತ ಜನ ಆಡ್ಕಳಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಸುಮ ಸೆರಗು ಹಿಡಿದು ನಿಂತಿದ್ದಳು.

"ಆಡ್ಕತರೆ ಕಣವ್ವ, ನನ್ನೂ ಆಡ್ಕತರೆ," ಎಂದಳು ಅತ್ತೆ. "ಆದ್ರೆ ಸಾಲ ಮಾಡಿ ಗಾಡಿ ಕೊಟ್ರೆ, ಆ ಗಾಡಿ ಸದ್ದು ಕೇಳ್ದಾಗೆಲ್ಲ ನನಗೆ ನಿಮ್ ಮೇಲೆ ಸಿಟ್ಟು ಬತ್ತದೆ. ಮಗಳ್ನ ಕೊಟ್ಟ ಮನೆ ಮೇಲೆ ನನಗೆ ಪ್ರೀತಿ ಇರ್ಬೇಕು ಅಂತ ಆಸೆ."

ರಾಜಮ್ಮನವರು ಎದ್ದು ಒಳಗೆ ಹೋದವರು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಹಿಂದಿರುಗುವಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಬೆರಳುಗಳು ಬಸ್ಸಿನ ಟಿಕೆಟನ್ನು ಚೂರುಚೂರು ಮಾಡುತ್ತಿದ್ದವು. ಧೈರ್ಯವಂತರಿಗೆ ಭಯವಿರುವುದಿಲ್ಲ ಎಂದು ಅಲ್ಲಿಯವರೆಗೆ ನಂಬಿದ್ದೆ.

ಹಬ್ಬದ ಬೆಳಿಗ್ಗೆ ಅತ್ತೆ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿ ಕಾದಳು. ಎದುರು ಮನೆಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಕುಂತೂರಿನವರ ಸುಳಿವಿಲ್ಲ. ಮಾವ ನಡುಮನೆಯಿಂದ ಹೊರಗೇ ಬರಲಿಲ್ಲ. ನೀರು ಆರಿತು, ಅತ್ತೆ ಮತ್ತೆ ಸೌದೆ ಇಟ್ಟಳು. ಬಿಸಿಲೇರಿದ ಮೇಲೆ ಬೀದಿಯ ತಿರುವಿನಲ್ಲಿ ಸುಮ ಕಾಣಿಸಿದಳು. ಪಕ್ಕದಲ್ಲಿ ಮಹೇಶ. ಅವನ ಹಿಂದೆ, ಬೆಲ್ಲದ ಅಚ್ಚುಗಳ ಚೀಲ ಹೊತ್ತು ಏದುಸಿರು ಬಿಡುತ್ತ ರಾಜಮ್ಮನವರು! ಮೊದಲ ಹಬ್ಬಕ್ಕೆ ಬೀಗಿತ್ತಿ ಬರುವುದನ್ನು ಆ ಬೀದಿ ಕಂಡಿರಲಿಲ್ಲ.

"ಬಸ್ಸೇ ಸಿಗ್ಲಿಲ್ಲ ಕಣವ್ವ," ಎಂದು ಚೀಲ ಇಳಿಸಿ, ಅತ್ತೆಯನ್ನು ನೋಡಿ ನಕ್ಕರು. "ನನ್ ಮೇಲೆ ಪ್ರೀತಿ ಇರ್ಬೇಕು ಅಂದ್ರಲ್ಲ. ಅದೆಷ್ಟದೆ ನೋಡಮ ಅಂತ ಬಂದೆ."

ಅತ್ತೆ ಅವರ ಎರಡೂ ಕೈ ಹಿಡಿದುಕೊಂಡಳು. ಊರು ಅವಳನ್ನು ಆಡಿಕೊಳ್ಳದೆ ಬಿಡಲಿಲ್ಲ. 'ಕೈ ಬಿಗಿ ಶಿವಮ್ಮ' ಎಂಬ ಹೆಸರು ಬಹಳ ದಿನ ನಡೆಯಿತು. ಆದರೆ ಮಾರನೆಯ ವರ್ಷ ಆ ಬೀದಿಯಲ್ಲೇ ಇನ್ನೊಬ್ಬ ತಾಯಿ ಮಗಳ ಬೀಗರ ಮನೆಗೆ ಹೊರಡುವ ಮುನ್ನ, ಏನೆಂದು ಮಾತು ತೆಗೆಯಬೇಕು ಎಂದು ಕೇಳಲು ಅತ್ತೆಯ ಹಿತ್ತಿಲಿಗೆ ಬಂದಿದ್ದಳಂತೆ.

ನಿನ್ನೆ ಸಂಜೆ ಹನೂರಿನಿಂದ ಫೋನು ಬಂತು. ನಮ್ಮ ಮಗನಿಗೆ ಈ ವರ್ಷವೇ ಅಲ್ಲಿಂದ ಹೆಣ್ಣು ತಂದಿದ್ದೇವೆ. ಬೀಗರು ಅಲ್ಲಿಯ ಇಲ್ಲಿಯ ಮಳೆಯ ಮಾತಾಡಿ ಗಂಟಲು ಸರಿಮಾಡಿಕೊಂಡರು. "ಸಾ, ಅಬ್ಬುಕ್ಕೆ ಅಳಿಯಂದ್ರಿಗೆ ಏನ್ ನೋಡಮ? ಸಂಕೋಚ ಬ್ಯಾಡಿ."

'ನಿಮ್ಮಿಷ್ಟ' ಎನ್ನುವುದು ಸುಲಭವಿತ್ತು. ಹೆಂಡತಿಯ ಕಡೆ ನೋಡಿದೆ. ಅವಳು ಏನೂ ಬೇಡವೆಂದು ಕೈಯಾಡಿಸಿದಳು.

"ಊಟ ಹಾಕಿ ಸಾಕು," ಎಂದೆ. "ಬೇರೆ ಏನೂ ಬೇಡ. ನಿಜವಾಗಿ ಹೇಳ್ತಿದೀನಿ."

ಅವರು ಫೋನನ್ನು ಎಲ್ಲೋ ಇಟ್ಟರೆಂದು ಕಾಣುತ್ತದೆ, ಆಮೇಲೆ ದೂರದಲ್ಲಿ ಅವರ ದನಿ ಕೇಳಿಸಿತು, ಮನೆಯೊಳಕ್ಕೆ ಕೂಗಿ ಹೇಳುತ್ತಿದ್ದರು: "ಏನೂ ಬ್ಯಾಡ್ವಂತೆ ಕಣಮ್ಮೀ!"